ಹಕಾರದ ಬಾಲ

ಬೋರ್ಡು ಬರೆಯುವ ಪೇಂಟರನಿಂದ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ತಪ್ಪೂ ಆಗಿರಲಿಲ್ಲ. ಆದದ್ದೆಲ್ಲ ಬಿಸಿಲಿನ ತಪ್ಪು, ಬಣ್ಣದ ತಪ್ಪು, ಇಲ್ಲವೇ ಬರೆಸಿದವರ ತಪ್ಪು. ಅಕ್ಷರಲೋಕದ ಈ ಚಕ್ರವರ್ತಿಯ ರಾಜಮುದ್ರೆಯೆಂದರೆ ಬಾಲ. ಯಾವ ಅಕ್ಷರ ಸಿಕ್ಕರೂ ಅದರ ಬುಡದಲ್ಲಿ ಬ್ರಷ್ಷನ್ನು ಕೊಂಕಿಸಿ ಒಂದು ಬಾಲ ಎಳೆದರೇ ಅವನ ಜೀವಕ್ಕೆ ಸಮಾಧಾನ.

ಹೆಂಡತಿ ಮೂರು ತಿಂಗಳು ಒದ್ದಾಡಿ ಹಣ್ಣಿನ ಪಫ್ ಮಾಡಲು ಕಲಿತಿದ್ದಳು. ಬೆಣ್ಣೆಯಿಟ್ಟು ಮಡಚಿ ಮಡಚಿ ಲಟ್ಟಿಸಿದ ಹಿಟ್ಟು, ಒಳಗೆ ಸಕ್ಕರೆಯಲ್ಲಿ ಬೇಯಿಸಿದ ಸೇಬು, ಅನಾನಸ್. ಮೊದಮೊದಲು ರಸ ಸೋರಿ ಓವನ್ನೆಲ್ಲ ಕರಕಲಾಗುತ್ತಿತ್ತು; ಈಗ ಅವಳು ಅಂಚು ಒತ್ತಿದರೆ ಒಂದು ಹನಿ ಆಚೆ ಬರುತ್ತಿರಲಿಲ್ಲ. ಇವತ್ತು ಮನೆಬಾಗಿಲಲ್ಲಿ ಮೊದಲ ಮಾರಾಟ. ಮೇಜಿನ ಮೇಲೆ ನಲವತ್ತು ಪಫ್, ಮೇಲೆ ಗೋಡೆಯಲ್ಲಿ ಗಂಡ ಬರೆದ ಬೋರ್ಡು.

ಎದುರುಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ತಾಜಾ ಹುಣ್ಣಿನ ಪಫ್. ಬೇಡಪ್ಪ, ನನ್ನ ಕಾಲಲ್ಲಿ ಹಳೇದೇ ಒಂದಿದೆ."

ಬೀದಿ ಬಿದ್ದು ಬಿದ್ದು ನಕ್ಕಿತು. ತಾನು ಎಳೆದ ಬಾಲವೇ ಹಣ್ಣನ್ನು ಹುಣ್ಣು ಮಾಡಿದ್ದು ಪೇಂಟರನಿಗೂ ಕಂಡಿತು. ಆದರೆ ನಾಲಿಗೆ ಹಳೇ ಚಾಳಿ ಬಿಡಬೇಕಲ್ಲ.

"ಇವಳು ಚೀಟೀಲಿ ಹೀಗೇ ಬರ್ಕೊಟ್ಟಿದ್ಲು ಸಾರ್."

ಚೀಟಿಯೇ ಇರಲಿಲ್ಲ, ಅವಳು ಬಾಯಲ್ಲಿ ಹೇಳಿದ್ದಳು. ಬಾಗಿಲಲ್ಲೇ ನಿಂತಿದ್ದ ಅವಳ ಕಡೆಗೆ ನಗು ತಿರುಗಿತು. "ಬರೆಯೋದೇ ಹೀಗಾದ್ರೆ ಒಳಗೇನು ತುಂಬಿದಾಳೋ," ಎಂದಳು ಪಕ್ಕದ ಮನೆಯಾಕೆ. ಹೆಂಡತಿ ಪಫ್‌ಗಳ ಮೇಲೆ ಬಟ್ಟೆ ಮುಚ್ಚಿ ಒಳಗೆ ಹೋದಳು. ಒಂದೂ ಮಾರಿರಲಿಲ್ಲ.

ಚಕ್ರವರ್ತಿ ಸ್ಟೂಲು ಹತ್ತಿ ಟರ್ಪಂಟೈನಿನಲ್ಲಿ ಬಾಲ ಒರೆಸಿದ. ಬಾಲ ಹೋಯಿತು, ಕಿವಿಯ ಬಿಸಿ ಹೋಗಲಿಲ್ಲ. ಇಳಿದು ಮೇಷ್ಟ್ರ ಬಳಿಗೆ ಹೋದ.

"ಚೀಟಿಗೀಟಿ ಏನೂ ಇರ್ಲಿಲ್ಲ ಸಾರ್. ಬಾಲ ನಂದೇ."

"ಈ ಬೀದೀಲಿ ಬಾಲ ಇನ್ಯಾರಿಗಿದೆ ಮಾರಾಯ? ಅವಳಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೆಲಕ್ಕೆ ಹೇಳುವವನಂತೆ ಗೊಣಗಿದ. "ತಪ್ಪು ನಂದು ಕಣೇ."

ಅವಳು ತಿರುಗಲಿಲ್ಲ. "ನನಗೆ ಗೊತ್ತಿಲ್ವಾ? ಸುಳ್ಳು ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ. ಅಷ್ಟೇ ಜೋರಾಗಿ."

ಹೋದ. ಬೀದಿಯಲ್ಲಿ ನಿಂತು ಹೇಳಿದ. ಪಕ್ಕದ ಮನೆಯಾಕೆ ಕೇಳಿಸಲಿಲ್ಲವೆಂದು ಇನ್ನೊಂದು ಸಲ ಹೇಳಿಸಿದಳು. ಎರಡನೇ ಸಲ ಹೇಳುವಾಗ ಬೆನ್ನ ಹಿಂದಿನಿಂದ ಬೆಣ್ಣೆಯ ಘಮ ಬಂತು. ಹೆಂಡತಿ ಹೊರಗೆ ಬಂದು ಪಫ್‌ಗಳ ಮೇಲಿನ ಬಟ್ಟೆ ತೆಗೆದಿದ್ದಳು. ತಿರುಗಿ ಅವಳ ಮುಖ ನೋಡುವಷ್ಟು ಧೈರ್ಯ ಅವನಿಗೆ ಬರಲಿಲ್ಲ.