ಭಟ್ಟಿಗೆ ಒಯ್ದ ಹಿಟ್ಟು

ಈ ದೇಶದಲ್ಲಿ ನಾನು ಕಾಲಿಟ್ಟ ಮೊದಲ ಬೇಕರಿಯಲ್ಲಿ ಏನು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಟೊರೊಂಟೊ ಪಕ್ಕದ ಮಾರ್ಕಮ್‌ನಲ್ಲಿ ಹಾಂಗ್‌ಕಾಂಗ್ ಕಡೆಯವರು ನಡೆಸುವ ಅಂಗಡಿ ಅದು. ಗೋಡೆಯುದ್ದಕ್ಕೂ ಗಾಜಿನ ಖಾನೆಗಳು, ಅವುಗಳೊಳಗೆ ಬಗೆಬಗೆಯ ಬನ್ನು. ಜನ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಇಕ್ಕಳ ಹಿಡಿದು ಸದ್ದಿಲ್ಲದೆ ಓಡಾಡುತ್ತಿದ್ದರು. ನಾನು ಮಾತ್ರ ಕೌಂಟರಿನ ಮುಂದೆ ಕೈಕಟ್ಟಿ ನಿಂತಿದ್ದೆ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಯಾರೋ ಒಬ್ಬ ಮುದುಕಿ ನನ್ನ ಕೈಗೂ ಒಂದು ತಟ್ಟೆ, ಒಂದು ಇಕ್ಕಳ ಕೊಟ್ಟು ಗೋಡೆಯ ಕಡೆ ಬೊಟ್ಟು ಮಾಡಿದಳು. ಬೇಕಾದ್ದನ್ನು ನಾವೇ ಎತ್ತಿಕೊಳ್ಳಬೇಕಂತೆ. ನಾಚಿಕೆಯಲ್ಲಿ ಕಣ್ಣಿಗೆ ಕಂಡದ್ದನ್ನು ಎತ್ತಿಕೊಂಡೆ, ಹೊರಗೆ ಬಂದು ಚೀಟಿ ಓದಿದರೆ ಅದರ ಮೇಲೆ ಉದುರಿಸಿದ್ದು ಹಂದಿಮಾಂಸದ ಪುಡಿ.

ಧಾರವಾಡದಲ್ಲಿ ನಮ್ಮ ಓಣಿಯ ಬೇಕರಿಯವರು ನಾವು ಮೆಟ್ಟಿಲು ಹತ್ತುವ ಮೊದಲೇ "ಬರ್ರಿ ಅಕ್ಕಾರ, ಖಾರಿ ಬಿಸ್ಕೀಟ ಬಿಸಿ ಐತಿ" ಎನ್ನುತ್ತಿದ್ದರು. ಪೇಪರಿನಲ್ಲಿ ಸುತ್ತಿ, ಮೇಲಿನಿಂದ ಜೋತುಬಿದ್ದ ದಾರ ಎಳೆದು ಕಟ್ಟಿ, ಜೊತೆಗೆ ಬಂದ ಹುಡುಗರ ಕೈಗೆ ಮುರಿದ ಬಿಸ್ಕೀಟಿನ ಚೂರು ಇಡುತ್ತಿದ್ದರು. ಇಲ್ಲಿ ಯಾರೂ ಯಾರ ಕೈಗೂ ಏನನ್ನೂ ಇಡುವುದಿಲ್ಲ. ಆವತ್ತು ನನಗೆ ಅತಿ ಹೆಚ್ಚು ಪರದೇಶ ಅನ್ನಿಸಿದ್ದು ಹಿಮ ನೋಡಿ ಅಲ್ಲ, ಆ ಇಕ್ಕಳ ನೋಡಿ.

ಆದರೂ ಬೇಕರಿಗಳೇ ನನಗೆ ಈ ಊರನ್ನು ಕಲಿಸಿದವು. ಮೊದಲ ಎರಡು ಚಳಿಗಾಲ ಮಾರ್ಕಮ್‌ನ ಒಂದು ಬೇಸ್‌ಮೆಂಟಿನಲ್ಲಿದ್ದೆವು. ಕಿಟಕಿ ನೆಲದ ಮಟ್ಟದಲ್ಲಿತ್ತು. ಹಿಮ ಬಿದ್ದರೆ ಅದೂ ಮುಚ್ಚಿಹೋಗಿ ಹಗಲಿನಲ್ಲೇ ದೀಪ ಹಾಕಬೇಕು. ನಮ್ಮವರಿಗೆ ಪಿಕರಿಂಗ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ, ನನಗೆ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ರವಿವಾರ ಬಂದರೆ ಆ ನೆಲಮಾಳಿಗೆಯಲ್ಲಿ ಕೂರಲಾಗದೆ ಮಗಳು ಅನ್ವಿಯನ್ನು ಕರೆದುಕೊಂಡು ಹೊಸ ಬೇಕರಿಯೋ ಕೆಫೆಯೋ ಹುಡುಕಿ ಹೊರಡುತ್ತಿದ್ದೆವು. ಪಿಕರಿಂಗ್‌ನಲ್ಲಿ ಜಮೈಕಾದವರು ಮಾಡುವ, ತೆಂಗಿನಹಾಲಿನ ಮೆತ್ತನೆಯ ಕೊಕೊ ಬ್ರೆಡ್ಡು ಸಿಕ್ಕಿತು. ಇರಾನಿಯವರ ಅಂಗಡಿಯಲ್ಲಿ ಕಡಲೆಹಿಟ್ಟಿನ ಪುಟ್ಟ ಬಿಸ್ಕೀಟು ಬಾಯಿಗಿಟ್ಟಾಗ ನಾನು, ನಮ್ಮವರು ಮುಖ ಮುಖ ನೋಡಿಕೊಂಡೆವು. ನಮ್ಮ ನಾನ್‌ಕಟಾಯಿಯ ದೂರದ ನೆಂಟ ಅದು.

ಯೂನಿಯನ್‌ವಿಲ್‌ನ ಹಳೇ ಪೇಟೆಬೀದಿಯಲ್ಲಿ ನನ್ನದೇ ಅಂತ ಒಂದು ಕೆಫೆ ಆಯಿತು. ಮರದ ನೆಲ, ಕಾಲಿಟ್ಟರೆ ಕಿರುಗುಟ್ಟುತ್ತದೆ, ಕಿಟಕಿಯ ಪಕ್ಕ ಒಂದು ಕುರ್ಚಿ. ಅಲ್ಲಿ ಕಾಫಿ ಹೇಳುವುದಕ್ಕೆ ಮೊದಮೊದಲು ಬಸ್ಸಿನಲ್ಲಿ ಬರುವಾಗಲೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಆಮೇಲೊಂದು ದಿನ ಕೌಂಟರಿನ ಹುಡುಗಿ ನನ್ನನ್ನು ಕಂಡಕೂಡಲೇ "ಹಾಲು ಜಾಸ್ತಿ, ಬಿಸಿ ಜಾಸ್ತಿ, ಅಲ್ಲವೇ?" ಎಂದಳು. ಆವತ್ತು ಮನೆಗೆ ಬಂದು ನಮ್ಮವರ ಮುಂದೆ ಅದನ್ನೇ ಎರಡೆರಡು ಸಲ ಹೇಳಿದೆ. ಅವರು ನಕ್ಕು, "ಇನ್ನ ನಿನಗ ಸಿಟಿಜನ್‌ಶಿಪ್ ಕೊಟ್ಟಂಗ ಆತು ಬಿಡು" ಎಂದರು.

ಮುಂದೆ ಸ್ಟೌಫ್‌ವಿಲ್‌ನ ಹೊಸ ಬಡಾವಣೆಯಲ್ಲಿ ಮನೆ ಆಯಿತು. ನಡೆದುಹೋಗುವಷ್ಟು ದೂರದಲ್ಲಿ ಲೂಸಿಯಾಳ ಬೇಕರಿ. ಲೂಸಿಯಾ ಪೋರ್ಚುಗಲ್ಲಿನ ಹಳ್ಳಿಯವಳು, ಅರವತ್ತು ದಾಟಿದವಳು, ಗಂಡ ತೀರಿಕೊಂಡ ಮೇಲೂ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದುಕೊಂಡು ಬ್ರೆಡ್ಡು ಸುಡುವವಳು. ಅವಳಲ್ಲಿ ಇಕ್ಕಳವಿಲ್ಲ, ಅವಳೇ ಎತ್ತಿಕೊಡುತ್ತಾಳೆ. ಯಾವುದರಲ್ಲಿ ಮೊಟ್ಟೆ ಇದೆ ಎಂದು ನಾನು ಕೇಳುತ್ತೇನೆಂದು ಗೊತ್ತಾದ ಮೇಲೆ ನಾನು ಮೊಟ್ಟೆಯದರ ಕಡೆ ನೋಡಿದರೆ ಸಾಕು, ಕೇಳುವ ಮುಂಚೆಯೇ ತಲೆಯಾಡಿಸಿ ಬೇಡವೆನ್ನುತ್ತಿದ್ದಳು. ಅಷ್ಟೇ ನಮ್ಮ ಪರಿಚಯ.

ಹೋದ ಚಳಿಗಾಲದಲ್ಲಿ ಧಾರವಾಡದಲ್ಲಿ ನಮ್ಮವ್ವ ತೀರಿಕೊಂಡಳು. ಸುದ್ದಿ ಬಂದ ದಿನ ಇಲ್ಲಿ ಹಿಮದ ಬಿರುಗಾಳಿ, ವಿಮಾನಗಳೆಲ್ಲ ರದ್ದು. ಅವ್ವನನ್ನು ಮಣ್ಣಿಗಿಡುವುದನ್ನು ಫೋನಿನಲ್ಲಿ ನೋಡಿದೆ. ಅಕ್ಕನ ಮಗ ಫೋನು ಹಿಡಿದಿದ್ದ, ಜನರ ತಲೆಯ ಮೇಲಿನಿಂದ ಎತ್ತಿ ಹಿಡಿದದ್ದರಿಂದ ನನಗೆ ಅವ್ವನಿಗಿಂತ ಹೆಚ್ಚಾಗಿ ಆಕಾಶವೇ ಕಂಡಿತು. ಎಲ್ಲ ಮುಗಿದ ಮೇಲೆ ಅಕ್ಕ, "ಈಗ ಬಂದು ಏನ್ ನೋಡ್ತಿ ಶೈಲಾ, ಅಲ್ಲೇ ಇರು" ಎಂದಳು. ನಾನು ಹೋಗಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಸಾವಾದ ಮೇಲೆ ಮಕ್ಕಳು ತಾವಾಗಿಯೇ ಸಿಹಿ ಮುಟ್ಟುವುದಿಲ್ಲ. ಹೊರಗಿನವರು, ಬೀಗರೋ ನೆರೆಯವರೋ ಬಂದು, ತಮ್ಮ ಕೈಯಿಂದ ಒಂದು ತುತ್ತು ಬಾಯಿಗಿಟ್ಟು ಬಾಯಿ ಸಿಹಿ ಮಾಡಿಸಬೇಕು. ದುಃಖ ಸಾಕು, ಇನ್ನು ನಮ್ಮೊಂದಿಗೆ ಬಾ ಎಂದು ಅದರ ಅರ್ಥ. ಮನೆಯೊಳಗಿನವರು ಇಟ್ಟರೆ ನಡೆಯುವುದಿಲ್ಲ. ಹೋಗಿ ಕೇಳಿ ಮಾಡಿಸಿಕೊಳ್ಳುವಂಥದ್ದೂ ಅಲ್ಲ. ಅಕ್ಕನಿಗೆ ಎದುರುಮನೆಯವರು ಬಂದು ರವೆಯ ಸಿಹಿ ಸಜ್ಜಕ ತಿನ್ನಿಸಿದರಂತೆ. ಅದನ್ನು ಹೇಳಿ, "ನಿನಗ ಅಲ್ಲೆ ಯಾರ್ ಅದಾರವಾ?" ಎಂದು ಕೇಳಿದಳು.

ಇಲ್ಲಿನ ಕನ್ನಡದವರು ಒಳ್ಳೆಯವರು. ಎಲ್ಲರೂ ಫೋನು ಮಾಡಿದರು. ಉಡುಪಿ ಕಡೆಯ ಗೆಳತಿಯೊಬ್ಬಳು ಆ ಹಿಮದಲ್ಲೇ ಅನ್ನ, ಸಾರು ತಂದಿಟ್ಟು ಹೋದಳು. ಅವರ ಕಡೆ ಈ ಪದ್ಧತಿ ಇಲ್ಲ, ಅವಳಿಗೆ ತಿಳಿಯುವುದಾದರೂ ಹೇಗೆ? ಊರಿನಲ್ಲಿದ್ದಾಗ ಇಂಥವನ್ನೆಲ್ಲ ನಾನೇ ನಂಬುತ್ತಿರಲಿಲ್ಲ. ಆದರೆ ಅವ್ವನ ಮುಖವನ್ನೂ ನೋಡದೆ, ಒಂದು ಹಿಡಿ ಮಣ್ಣನ್ನೂ ಹಾಕದೆ ಇದ್ದವಳಿಗೆ, ಅವಳಿಗಾಗಿ ಮಾಡಲು ಉಳಿದದ್ದು ಇದೊಂದೇ ಅನ್ನಿಸಿತು. ಬಿಡಲು ಮನಸ್ಸಾಗಲಿಲ್ಲ.

ತಿಂಗಳುಗಳು ಕಳೆದವು. ರವಿವಾರದ ಬೇಕರಿ ತಿರುಗಾಟ ನಿಲ್ಲಲಿಲ್ಲ. ನನಗೆ ಮಾತ್ರ ಎಲ್ಲ ಕಡೆಯೂ ಸಪ್ಪೆ ಬ್ರೆಡ್ಡು, ಸಕ್ಕರೆಯಿಲ್ಲದ ಕಾಫಿ. ಯೂನಿಯನ್‌ವಿಲ್‌ನ ಹುಡುಗಿ ಡಯಾಬಿಟಿಸ್ ಎಂದುಕೊಂಡಿರಬೇಕು, ಒಂದು ದಿನ ಮೆಲ್ಲಗೆ "ಹುಷಾರಾಗಿದ್ದೀರಾ?" ಎಂದು ಕೇಳಿದಳು. ನಮ್ಮವರು ತಾವೂ ನನ್ನೆದುರು ಸಿಹಿ ತಿನ್ನುವುದನ್ನು ಬಿಟ್ಟರು. ನೊಂದುಕೊಂಡವಳು ಅನ್ವಿ. ಅವಳ ಹುಟ್ಟುಹಬ್ಬ ಬರುವುದಿತ್ತು.

"ಮಮ್ಮಿ, ಈ ಸಲ ನನ್ನ ಕೇಕೂ ತಿನ್ನಲ್ವಾ? ಇಟ್ಸ್ ಜಸ್ಟ್ ಒನ್ ಬೈಟ್," ಎಂದಳು. ಅವಳ ಕನ್ನಡ ಅಷ್ಟು ದೂರ ಬಂದು ಇಂಗ್ಲಿಷಿಗೆ ಹೊರಳುತ್ತದೆ.

"ನನ್ನಷ್ಟಕ್ಕ ನಾನ ತಿನ್ನಾಕ ಬರಂಗಿಲ್ಲ ಅನ್ವಿ."

"ಸೋ ಹೂ ಈಸ್ ಗೋಯಿಂಗ್ ಟು ಕಮ್? ಇಲ್ಲಿ ಯಾರು ಬರ್ತಾರೆ?"

ಅಕ್ಕ ಕೇಳಿದ್ದನ್ನೇ ಇವಳೂ ಕೇಳಿದ್ದಳು. ನನ್ನ ಮುಖ ನೋಡಿ ಅವಳು ದನಿ ತಗ್ಗಿಸಿ, ಹಾಗಾದರೆ ಕೇಕ್ ಬೇಡ, ನೀನು ತಿನ್ನದಿದ್ದರೂ ಸರಿ, ಅಜ್ಜಿಯ ಬಿಸ್ಕೀಟು ಮಾಡೋಣ ಎಂದಳು.

ಅಜ್ಜಿಯ ಬಿಸ್ಕೀಟು ಎಂದರೆ ಬೇಕರಿಯಲ್ಲಿ ಕೊಂಡದ್ದಲ್ಲ, ಮಾಡಿಸಿದ್ದು. ನಮ್ಮ ಕಡೆ ಬೇಸಿಗೆಯ ಸೂಟಿ ಶುರುವಾಗುತ್ತಲೇ ಮನೆಯ ಮೈದಾ, ರವೆ, ತುಪ್ಪ, ಸಕ್ಕರೆ ಎಲ್ಲ ಒಯ್ದು ಬೇಕರಿಯ ಭಟ್ಟಿಯವರಿಗೆ ಕೊಡುತ್ತಿದ್ದೆವು. ಅವರು ನಮ್ಮ ಹಿಟ್ಟನ್ನೇ ನಾದಿ ಸುಟ್ಟುಕೊಡುತ್ತಿದ್ದರು. ನಮ್ಮ ತುಪ್ಪ ಇನ್ನೊಬ್ಬರ ಹಿಟ್ಟಿಗೆ ಹೋಗದ ಹಾಗೆ ಅವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಕೊನೆಯ ಸಲ ಊರಿಗೆ ಹೋದಾಗ ಅನ್ವಿಯೂ ಅವಳ ಪಕ್ಕ ಡಬ್ಬಿ ಹಿಡಿದು ಕೂತಿದ್ದಳು.

ಮನೆಯ ಓವನ್ನಿನಲ್ಲಿ ಮಾಡಿದೆ. ಒಂದು ಸಲ ತಳ ಹೊತ್ತಿತು, ಇನ್ನೊಂದು ಸಲ ಎಲ್ಲ ಕರಗಿ ಒಂದೇ ರೊಟ್ಟಿಯಾಯಿತು. ಮರುದಿನ ಮೈದಾ, ರವೆ, ಸಕ್ಕರೆ, ಕಾಯಿಸಿದ ತುಪ್ಪ ಎಲ್ಲ ಚೀಲಕ್ಕೆ ಹಾಕಿಕೊಂಡು ಲೂಸಿಯಾಳ ಅಂಗಡಿಗೆ ಹೊರಟೆ. ನಮ್ಮವರು ಬಾಗಿಲಲ್ಲೇ, "ಬೇಕರಿಗೆ ಹಿಟ್ಟು ಒಯ್ಯಾಕಿ ನೀ ಒಬ್ಬಾಕಿನ ನೋಡು. ನಾಳೆ ಹಜಾಮರ ಅಂಗಡಿಗೆ ಕತ್ತರಿ ಒಯ್ತಿ," ಎಂದರು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬೇಕರಿ ಎಂದ ಮೇಲೆ ಭಟ್ಟಿ ಇದೆ, ಭಟ್ಟಿ ಇದ್ದಲ್ಲಿಗೆ ಹಿಟ್ಟು ಒಯ್ಯುತ್ತೇವೆ.

ಕೌಂಟರಿನ ಮೇಲೆ ಚೀಲ ಇಟ್ಟು, ಇದನ್ನು ಸುಟ್ಟುಕೊಡಿ ಎಂದೆ. ಲೂಸಿಯಾ ಚೀಲದೊಳಗೆ ಇಣುಕಿದಳು, ನನ್ನ ಮುಖ ನೋಡಿದಳು. "ಹೊರಗಿನ ಹಿಟ್ಟು ಒಳಗೆ ಬರುವ ಹಾಗಿಲ್ಲ. ಯಾರಾದರೂ ತಪಾಸಣೆಗೆ ಬಂದರೆ ನನ್ನ ಅಂಗಡಿ ಮುಚ್ಚಿಸುತ್ತಾರೆ," ಎಂದಳು. ಹಿಂದೆ ನಿಂತವರು ನೋಡುತ್ತಿದ್ದರು. ಮಾರ್ಕಮ್‌ನಲ್ಲಿ ಕೈಕಟ್ಟಿ ನಿಂತ ದಿನದ ನಾಚಿಕೆ ಹಾಗೇ ತಿರುಗಿ ಬಂತು. ಚೀಲ ಎತ್ತಿಕೊಂಡು ಹೊರಟೆ. ಇಷ್ಟು ವರ್ಷವಾದರೂ ನನಗೆ ಈ ಊರು ತಿಳಿದಿಲ್ಲ ಎಂದು ಅಳು ಬಂತು.

ಬಾಗಿಲ ಹತ್ತಿರ ಅವಳು ಕರೆದಳು. "ನಿಲ್ಲು. ನಿಮ್ಮೂರಲ್ಲಿ ಹೀಗೆ ಹಿಟ್ಟು ಒಯ್ಯುತ್ತಿದ್ದವರು ಯಾರು?"

"ನಮ್ಮ ತಾಯಿ."

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ನಮ್ಮ ಹಳ್ಳಿಯಲ್ಲೂ ಎಲ್ಲರಿಗೂ ಸೇರಿ ಒಂದೇ ಓವನ್ನು. ನಮ್ಮಮ್ಮ ಹಿಟ್ಟಿನ ಮುದ್ದೆಯನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಆ ಚೀಲ ಮನೆಯಲ್ಲಿಡು. ಸೋಮವಾರ ಅಂಗಡಿ ಬಂದ್. ಬಾ, ನನ್ನ ಹಿಟ್ಟು, ನನ್ನ ಬೆಣ್ಣೆ."

ಸೋಮವಾರ ಡೇಕೇರಿಗೆ ರಜೆ ಹಾಕಿ ಹೋದೆ. ಅವಳು ಮೊಟ್ಟೆ ಮುಟ್ಟದ ತಟ್ಟೆಗಳನ್ನು ತೊಳೆದು ಬೇರೆ ಇಟ್ಟಿದ್ದಳು. ಬೆಣ್ಣೆ ಕಾಯಿಸಿ ತುಪ್ಪ ಮಾಡಿದೆವು. ಭಟ್ಟಿಯವರ ಕೈ ನೋಡಿದ್ದು ನೆನಪಿತ್ತು, ಅಳತೆ ಗೊತ್ತಿರಲಿಲ್ಲ. ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಒಡೆಯಬೇಕು ಎಂದು ಅವ್ವ ಅನ್ನುತ್ತಿದ್ದುದನ್ನು ಹೇಳಿದೆ. ಲೂಸಿಯಾ ಅಷ್ಟಕ್ಕೇ ಅರ್ಥ ಮಾಡಿಕೊಂಡಳು. ಮೊದಲ ತಟ್ಟೆ ಹೊರಗೆ ಬಂದಾಗ ಆ ಕೋಣೆಯ ತುಂಬ ನಮ್ಮ ಓಣಿಯ ವಾಸನೆ. ಎರಡನೆಯದು ಒಳಗೆ ಹೋಯಿತು. ನಾನು ಮೂರನೆಯದಕ್ಕೆ ಉಂಡೆ ಕಟ್ಟುತ್ತಿದ್ದೆ, ಎರಡೂ ಕೈ ಮೊಣಕೈವರೆಗೆ ತುಪ್ಪ, ಹಿಟ್ಟು.

ಲೂಸಿಯಾ ಒಂದು ಬಿಸ್ಕೀಟು ಮುರಿದು, ಊದಿ, "ಸರಿಯಾಗಿದೆಯೋ ಇಲ್ಲವೋ ನೀನೇ ಹೇಳಬೇಕು," ಎಂದು ನನ್ನ ಬಾಯಿಯ ಹತ್ತಿರ ಹಿಡಿದಳು. ಕೈ ಚಾಚಲು ನನಗೆ ಕೈ ಬಿಡುವಿರಲಿಲ್ಲ. ಬಾಯಿ ತೆರೆದೆ. ಅವಳೇ ಇಟ್ಟಳು.

ನಾಲಗೆಯ ಮೇಲೆ ಸಿಹಿ ಹರಡಿದ ಮೇಲೆಯೇ ನನಗೆ ಏನಾಯಿತೆಂದು ಹೊಳೆದದ್ದು. ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ಅವ್ವ ಸತ್ತ ದಿನ ಬಾರದಿದ್ದ ಅಳುವೆಲ್ಲ ಆಗ ಬಂತು. ಲೂಸಿಯಾ ಬಾಯಿ ಸುಟ್ಟಿತೇನೋ ಎಂದು ನೀರು ತಂದಳು. ಆಮೇಲೆ ಪಕ್ಕದಲ್ಲಿ ಕೂತಳು. ಎರಡನೆಯ ತಟ್ಟೆ ಸ್ವಲ್ಪ ಹೆಚ್ಚೇ ಕೆಂಪಾಯಿತು.

ಹುಟ್ಟುಹಬ್ಬದ ದಿನ ಅನ್ವಿ ತನ್ನ ಕೈಯಿಂದ ಒಂದು ಬಿಸ್ಕೀಟು ತಿನ್ನಿಸಿದಳು, ನಾನು ತಿಂದೆ. ಅವಳು ಕೊರಳು ಅಪ್ಪಿಕೊಂಡಳು. ಮರುದಿನ ಅಕ್ಕನಿಗೆ ಫೋನು ಮಾಡಿ, ಬಾಯಿ ಸಿಹಿ ಆಯಿತೆಂದು ಹೇಳಿದೆ.

"ಯಾರ್ ಮಾಡಿಸಿದ್ರವಾ?"

"ಇಲ್ಲೆ ಬೇಕರಿಯಾಕಿ. ಲೂಸಿಯಾ ಅಂತ."

"ನಮ್ಮವರೇನ?"

"ಅಲ್ಲ ಅಕ್ಕಾ. ಆಕಿಗೆ ಇದೇನಂತ ಗೊತ್ತೂ ಇಲ್ಲ."

ಅಕ್ಕ ನಡೆಯುವುದಿಲ್ಲ ಅನ್ನುತ್ತಾಳೇನೋ ಎಂದು ಅಂಜಿದೆ. "ಆಕಿಗೆ ಗೊತ್ತಿಲ್ಲಂದ್ರೇನಾತು, ನಿನಗ ಗೊತ್ತೈತಲ್ಲ," ಎಂದಳು. "ಬಾಯಿ ಸಿಹಿ ಮಾಡಿಸಿದವರ ಮನಿ ಋಣ ಇರತೈತಿ. ನಾಳೆ ಆಕಿ ಮನ್ಯಾಗ ಏನರ ಹೆಚ್ಚುಕಡಿಮಿ ಆದ್ರ ಮೊದಲ ನೀ ಹೋಗಿ ನಿಲ್ಲಬೇಕು. ನಾ ಕರದೆ, ಊರು ಕರೀತು ಅಂತ ಅವತ್ತ ವಿಮಾನ ಹತ್ತಬ್ಯಾಡ."

ಫೋನು ಇಟ್ಟು ಕಿಟಕಿಯ ಹತ್ತಿರ ನಿಂತೆ. ಇಂದಲ್ಲ ನಾಳೆ ಊರಿಗೆ ಹೊರಡುವವಳು ಎಂದುಕೊಂಡೇ ಇಲ್ಲಿ ಇಷ್ಟು ವರ್ಷ ಇದ್ದವಳು ನಾನು. ಈಗಲೂ ಧಾರವಾಡದ ಹೆಸರು ಕೇಳಿದರೆ ಜೀವ ಅತ್ತ ಎಳೆಯುತ್ತದೆ. ಆದರೆ ಸಾವು ನೋವಿಗೆ ಹೋಗಿ ನಿಲ್ಲಬೇಕಾದ ಮನೆಯೊಂದು ನನಗೆ ಈ ಊರಿನಲ್ಲೂ ಆಗಿದೆ. ಅವ್ವನ ಮನೆಗೆ ಹೊತ್ತಿಗೆ ಸರಿಯಾಗಿ ಹೋಗಲು ನನ್ನಿಂದ ಆಗಲಿಲ್ಲ. ಲೂಸಿಯಾಳ ಮನೆಗೆ ಎಂಥ ಹಿಮ ಬಿದ್ದರೂ ನಡೆದೇ ಹೋಗಬಹುದು.