ಹಿಂದಕ್ಕೆ ಹೋಗಬಲ್ಲ ಕಾರು

ಫೆಬ್ರವರಿ ಹದಿನಾರು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹನೂರಿನ ನಮ್ಮ ಮನೆಯಿಂದ ಅಕ್ಕನ ಸ್ಕೂಟರಿನಲ್ಲಿ ಹೊರಟೆವು. ಮಾಂಬಳ್ಳಿಯಲ್ಲಿ ಒಂದು ಹಳೆಯ ಕಾರು ನೋಡುವುದಿತ್ತು. ಹೊಸ ವರ್ಷ ಹುಟ್ಟಿದ ಮೇಲೆ ನೋಡಿದವುಗಳಲ್ಲಿ ಅದು ಐದನೆಯದು. ಮೊದಲ ನಾಲ್ಕರಲ್ಲಿ ಎರಡು ಎಲ್ಲೋ ಗುದ್ದಿಸಿಕೊಂಡು ಬಣ್ಣ ಬಳಿಸಿಕೊಂಡಿದ್ದವು. ಒಂದರ ಇಂಜಿನ್ ಹೊಗೆಯುಗುಳುತ್ತಿತ್ತು. ಇನ್ನೊಂದರ ಮಾಲೀಕರಿಗೆ ನಮ್ಮನ್ನು ನೋಡಿದ ಮೇಲೆ ಕಾರಿನ ಮೇಲೆ ಮತ್ತೆ ಪ್ರೀತಿ ಹುಟ್ಟಿತು.

ಅಕ್ಕ ಲೊಕ್ಕನಹಳ್ಳಿಯ ಆಚೆ ಕಾಡಂಚಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಡಿಸೆಂಬರಿನ ಒಂದು ಸಂಜೆ ಮನೆಗೆ ಬರುವಾಗ ತಿರುವಿನಲ್ಲಿ ಆನೆ ಎದುರಾಯಿತು. ಸ್ಕೂಟರನ್ನು ಅಲ್ಲೇ ಬಿಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಂದಳು. ಆನೆ ಸ್ಕೂಟರನ್ನು ಮೂಸಿ ಹೊರಟುಹೋಯಿತು. ಮನೆಯವರ ತಲೆಯಿಂದ ಮಾತ್ರ ಅದು ಹೋಗಲಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಕಾರು ಬರಬೇಕು, ಇಲ್ಲದಿದ್ದರೆ ಅಕ್ಕ ಪಟ್ಟಣಕ್ಕೆ ವರ್ಗಾವಣೆ ಕೇಳಬೇಕು ಎಂದು ಅಪ್ಪ ಅಮ್ಮ ಪಟ್ಟು ಹಿಡಿದರು. ಅಕ್ಕನಿಗೆ ಆ ಊರುಗಳನ್ನು ಬಿಡಲು ಇಷ್ಟವಿಲ್ಲ. ಅಲ್ಲಿನ ಪ್ರತಿ ಬಸುರಿಗೂ ಯಾವ ತಿಂಗಳು ಎಂದು ಅವಳಿಗೆ ಬಾಯಲ್ಲೇ ಇರುತ್ತದೆ.

ಕಾರು ಪರೀಕ್ಷಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ, ಒಪ್ಪವಾಗಿಯೂ ಮಾಡುತ್ತೇನೆ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ಮಾಂಬಳ್ಳಿಯ ಆ ಮನೆ ಮುಟ್ಟಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು.

ಮಾಲೀಕರು ರೇಷ್ಮೆ ಬೆಳೆಯುವ ಹೆಂಗಸು, ಐವತ್ತರ ಆಸುಪಾಸು. ತಾವೇ ಕಾರು ಓಡಿಸುವವರು. ನಾನು ಬಗ್ಗಿ ಟೈರು ನೋಡುವುದನ್ನು, ಬಾಗಿಲ ರಬ್ಬರು ಎತ್ತಿ ನೋಡುವುದನ್ನು ಜಗಲಿಯ ಮೇಲೆ ಕೂತು ನೋಡಿದರು.

"ಕಾರ್ ನೋಡಕ್ ಬಂದ್ರೋ, ಎಣ್ ನೋಡಕ್ ಬಂದ್ರೋ? ಬಾಯ್ ಬುಡ್ಸಿ ಅಲ್ಲೂ ಎಣಿಸ್ಬುಡು ಮಗ."

"ಎಣ್ಣಾದ್ರೆ ಇಷ್ಟೊತ್ತಿಗೆ ಉಪ್ಪಿಟ್ಟು ಬಂದಿರೋದು ಕಣಮ್ಮ," ಎಂದಳು ಅಕ್ಕ. ಅವರು ನಗುತ್ತಾ ಒಳಗೆ ಹೋಗಿ ಕಾಫಿ ತಂದರು.

ಹಿಂದಿನ ಸೀಟು ಹೊಸದರಂತಿತ್ತು. ಕಡಿಮೆ ಓಡಿದ ಗಾಡಿ ಎಂದು ಒಂದು ಗುರುತು ಹಾಕಿಕೊಂಡೆ. ಡಿಕ್ಕಿಯ ಚಾಪೆ ಎತ್ತಿದಾಗ ಆ ಗುರುತನ್ನು ಅಳಿಸಬೇಕಾಯಿತು. ಮೂಲೆಯಲ್ಲಿ ಬಿಳಿ ಪುಡಿ, ಅದರ ಕೆಳಗೆ ತಗಡಿಗೆ ತುಕ್ಕು.

"ಬ್ಲೀಚಿಂಗ್ ಪೌಡ್ರು ಕಣಪ್ಪ. ಉಳ ಸಾಕೋ ಮನೆ ತೊಳ್ಯಕ್ಕೆ ತತ್ತೀವಲ್ಲ. ಸೀಟಾ? ಅದು ಅಟ್ಟದ ಮ್ಯಾಲಿತ್ತು, ನೆನ್ನೆ ಇಳ್ಸಿ ಆಕ್ದೆ. ಗೂಡ್ ತಕಂಡ್ ಓಗಕ್ಕೆ ಸೀಟ್ಯಾಕೆ?"

ಅಂದರೆ ಈ ಕಾರು ಬೆಳೆ ಬಂದಾಗಲೆಲ್ಲ ರೇಷ್ಮೆಗೂಡು ತುಂಬಿಕೊಂಡು ಮಾರುಕಟ್ಟೆಗೆ ಓಡಿದೆ. ಗೂಡು ಹಗುರ, ಹಾಗಾಗಿ ಹಿಂದಿನ ಸ್ಪ್ರಿಂಗುಗಳು ಗಟ್ಟಿಯಾಗಿದ್ದವು. ತುಕ್ಕು ಉಜ್ಜಿ ಬಣ್ಣ ಹಚ್ಚಿದರೆ ನಿಲ್ಲುವಷ್ಟೇ ಇತ್ತು. ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ. ಚೆನ್ನಾಗಿರುವ ಕ್ಲಚ್ಚಾದರೆ ಇಂಜಿನ್ ತಕ್ಷಣ ಆಫ್ ಆಗಬೇಕು. ಇದು ಸ್ವಲ್ಪ ಒದ್ದಾಡಿ ಆಮೇಲೆ ಆಫ್ ಆಯಿತು. ಹಳೆಯ ಗಾಡಿಗೆ ನಡೆಯುತ್ತದೆ ಎಂದುಕೊಂಡೆ.

ಅಕ್ಕ ಓಡಿಸಿದಳು, ನಾನು ಪಕ್ಕದಲ್ಲಿ, ಅವರು ಹಿಂದೆ. ಅಕ್ಕ ತನ್ನ ನರ್ಸ್ ಕೆಲಸದ, ಡಿಸೆಂಬರಿನ ಆನೆಯ ಕತೆ ಹೇಳುತ್ತಿದ್ದಂತೆ ಕೊಳ್ಳೇಗಾಲದವರೆಗೆ ಹೋಗಿ ಬಂದೆವು. ಎಲ್ಲ ಗೇರುಗಳೂ ಸಲೀಸು. ಇದೇ ಕಾರು ಎಂದು ನಾನು ತೀರ್ಮಾನಿಸಿ ಆಗಿತ್ತು. ಊರ ಬಾಗಿಲಲ್ಲಿ ಅಕ್ಕ ನಿಲ್ಲಿಸಿದಳು.

"ಈಗ ಇಂಜಿನ್ ಬಿಸಿ ಆಗದಲ್ವಾ? ಈಗ ರಿವರ್ಸ್ ಆಕ್ತೀನಿ."

ಹಾಕಿದಳು. ಕರ್ರ್ ಎಂದು ಹಲ್ಲು ಕಡಿದ ಸದ್ದು. ಇನ್ನೊಮ್ಮೆ ಹಾಕಿದಳು, ಮತ್ತೆ ಅದೇ. ಹಿಂದಿನ ಸೀಟಿನಿಂದ ಸಮಾಧಾನದ ದನಿ ಬಂತು.

"ಮೊದ್ಲು ಫಸ್ಟ್ ಆಕು, ಆಮ್ಯಾಕ್ ರಿವರ್ಸ್ ಆಕು. ಬೆಣ್ಣೆ ಅಂಗೆ ಕೂತ್ಕತದೆ."

ಹೌದು, ಹಾಗೆ ಮಾಡಿದರೆ ಕೂತಿತು. ನಾನು ಅದನ್ನೂ ಸರಿ ಎನ್ನುವವನಿದ್ದೆ.

"ಆನೆ ಎದುರ್ಗಡೆ ನಿಂತಿರ್ತದೆ ಕಣಮ್ಮ," ಎಂದಳು ಅಕ್ಕ. "ತಡಿಯಪ್ಪ, ಮೊದ್ಲು ನಿನ್ ಕಡೀಕೆ ಒಂದ್ ಗೇರ್ ಆಕ್ತೀನಿ, ಆಮ್ಯಾಕ್ ಇಂದಕ್ ಓಯ್ತೀನಿ ಅನ್ಲಾ?"

ಅವರು ಜೋರಾಗಿ ನಕ್ಕರು. ಲೊಕ್ಕನಹಳ್ಳಿ ದಾರಿಯಲ್ಲಿ ಆನೆ ಕಂಡರೆ ಯಾರೂ ಗಾಡಿ ತಿರುಗಿಸುವುದಿಲ್ಲ. ಹಾರನ್ ಇಲ್ಲ, ಲೈಟ್ ಡಿಮ್, ಬಂದ ದಾರಿಯಲ್ಲೇ ಹಿಂದಕ್ಕೆ. ಮುಂದಕ್ಕೆ ಹೋಗುವುದನ್ನು ನಾನು ಐದು ಕಾರುಗಳಲ್ಲಿ ಪರೀಕ್ಷಿಸಿದ್ದೆ. ಅಕ್ಕನಿಗೆ ಬೇಕಾದದ್ದು ಹಿಂದಕ್ಕೆ ಹೋಗುವ ಕಾರು.

ರಿವರ್ಸ್ ಕರ್ ಎನ್ನುವುದರ ಕಾರಣ ಅವರ ಮನೆಗೆ ವಾಪಸು ಬಂದಾಗ ಕಣ್ಣಿಗೇ ಕಂಡಿತು. ಅವರದು ಓಣಿಯ ಕೊನೆಯ ಮನೆ. ತಿರುಗಿಸಲು ಜಾಗವಿಲ್ಲ. ಓಣಿಯ ಬಾಯಿಂದ ಹುಳು ಮನೆಯ ಬಾಗಿಲ ತನಕ ಅವರು ಕಾರನ್ನು ಹಿಂದಕ್ಕೇ ತರುತ್ತಾರೆ, ಅರ್ಧ ಕ್ಲಚ್ ಒತ್ತಿಕೊಂಡು, ಗೋಡೆಗೆ ತಾಗದಂತೆ. ಈಗಲೂ ಹಾಗೆಯೇ ತಂದರು, ಒಂದು ಗೀರೂ ಇಲ್ಲದೆ. ಕ್ಲಚ್ ಸವೆದದ್ದು ಅಲ್ಲಿ.

"ಗೇರ್ ಆಳಾಗಿಲ್ಲ, ಕ್ಲಚ್ ಪೂರ್ತಿ ಬುಡ್ತಿಲ್ಲ ಅಷ್ಟೇ," ಎಂದೆ. ಹೇಳುವಾಗ ನನಗೆ ಅನುಮಾನವಿರಲಿಲ್ಲ.

"ಅಂಗಾದ್ರೆ ಕ್ಲಚ್ ನಾನೇ ಆಕ್ಸ್‌ಕೊಡ್ತೀನಿ. ಆಮ್ಯಾಕೂ ಕರ್ ಅಂದ್ರೆ ತಕಬ್ಯಾಡಿ. ಎರ್ಗೆ ಮಾಡ್ಸೋ ಮಗಳು, ನಿನ್ಗೆ ಮೋಸ ಮಾಡಿ ನಾನೆಲ್ಲಿಗ್ ಓಗ್ಲಿ?"

ಫೆಬ್ರವರಿ ಇಪ್ಪತ್ತು, ಗುರುವಾರ. ಕೊಳ್ಳೇಗಾಲದ ಗ್ಯಾರೇಜಿನಿಂದ ಕಾರು ತೆಗೆದುಕೊಂಡು, ಮೂವರೂ ಹನೂರು ದಾಟಿ ಲೊಕ್ಕನಹಳ್ಳಿಯ ಕಡೆಗೆ ಹೋದೆವು. ಇಂಜಿನ್ ಚೆನ್ನಾಗಿ ಕಾದಿತ್ತು. ಡಿಸೆಂಬರಿನಲ್ಲಿ ಆನೆ ನಿಂತಿದ್ದ ತಿರುವಿನಲ್ಲೇ ಅಕ್ಕ ಬ್ರೇಕ್ ಒತ್ತಿದಳು. ರಿವರ್ಸ್ ಒಂದೇ ಸಲಕ್ಕೆ ಕೂತಿತು. ಅವಳು ಕನ್ನಡಿ ನೋಡುತ್ತಾ ಮೋರಿಯ ತನಕ ನೆಟ್ಟಗೆ ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ ಹೋಗಿ ಮತ್ತೆ ಬಂದಳು. ಹತ್ತು ಸಲ ಮಾಡಿಸಿದೆ. ಹತ್ತಕ್ಕೆ ಹತ್ತು.

"ಸಾಕ್ ಬುಡ್ಲಾ, ಕತ್ತು ಉಳುಕ್ತು," ಎಂದಳು ಅಕ್ಕ. ಆಮೇಲೆ ಹಿಂದಕ್ಕೆ ತಿರುಗಿ, "ಕಾರ್ ನಮ್ದು ಕಣಮ್ಮ," ಎಂದಳು.

ಸೋಮವಾರದಿಂದ ಅವಳು ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದಾಳೆ. ವರ್ಗಾವಣೆಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ.

ನನಗೆ ಬಗೆಹರಿಯದೆ ಉಳಿದದ್ದು ಒಂದೇ. ಹಿಂದಕ್ಕೆ ಬರುವಾಗ ಗೇರ್‌ಬಾಕ್ಸಿನಿಂದ ಸಣ್ಣಗೆ ಎಳೆದಂಥ ಕುಯ್ಯ್ ಎಂಬ ಸದ್ದು ಬರುತ್ತದೆ. ಅದು ದೋಷವಲ್ಲ, ಇಂಥ ಕಾರುಗಳ ರಿವರ್ಸ್ ಗೇರಿನ ಹಲ್ಲಿನ ಸ್ವಭಾವವೇ ಅದು ಎಂದು ಗ್ಯಾರೇಜಿನವರು ಹೇಳಿದರು, ನಾನೂ ಒಪ್ಪುತ್ತೇನೆ. ಆದರೆ ಎದುರಿಗೆ ನಿಂತ ಆನೆಗೆ ಆ ಸದ್ದು ಹೇಗೆ ಕೇಳಿಸುತ್ತದೆ? ಕೆರಳುತ್ತದೆಯೋ, ಲೆಕ್ಕಿಸುವುದಿಲ್ಲವೋ? ನಮ್ಮ ಸೀಮೆಯ ಪಾಲಾರ್ ಕಾಡುದಾರಿಯಲ್ಲೋ ಬೆಟ್ಟದ ದಾರಿಯಲ್ಲೋ ಸಣ್ಣ ಕಾರು ಓಡಿಸುತ್ತಾ ಆನೆಯ ಮುಂದೆ ಹಿಂದಕ್ಕೆ ಬಂದವರು ಯಾರಾದರೂ ಇದ್ದರೆ, ಆಗ ಅದು ಏನು ಮಾಡಿತು ಎಂದು ದಯವಿಟ್ಟು ನನಗೆ ಬರೆದು ತಿಳಿಸಿ.