ಚೇತುವಿನ ನಿದ್ದೆ ಕೆಡಿಸುತ್ತ ಹೊನ್ನಾಳಿಗೆ

ಬಸವಾಪಟ್ಟಣದಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟೆವು: ಅವ್ವ, ನಾನು, ನಾಲ್ಕು ವರ್ಷದ ತಮ್ಮ ಚೇತು. ಸರ್ಕಾರಿ ಬಸ್ಸು, ಹೆಣ್ಣುಮಕ್ಕಳಿಗೆ ಉಚಿತ, ಚಿಕ್ಕವನಿಗೆ ಟಿಕೆಟ್ಟೇ ಇಲ್ಲ. ಒಟ್ಟು ಖರ್ಚು ಸೊನ್ನೆ. ಕಾಲಿಡಲು ಸಿಕ್ಕ ಜಾಗವೂ ಹೆಚ್ಚುಕಮ್ಮಿ ಅಷ್ಟೇ.

ಚೇತುಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತಿಲ್ಲ. ಇಂಥ ಕೆಲವು ಮಕ್ಕಳಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಊರಿನ ಆಶಾ ಕಾರ್ಯಕರ್ತೆ ಅಕ್ಕ ಹೊನ್ನಾಳಿಯ ಕಿವಿ ತಪಾಸಣೆ ಶಿಬಿರಕ್ಕೆ ಹೆಸರು ಬರೆಸಿದ್ದರು. ಪರೀಕ್ಷೆ ನಿದ್ದೆಯಲ್ಲೇ ಆಗಬೇಕು. ದಾರಿಯಲ್ಲಿ ಮಲಗಿಬಿಟ್ಟರೆ ಅಲ್ಲಿ ಮಲಗುವುದಿಲ್ಲ. ಮತ್ತೆ ಶಿಬಿರ ಯಾವಾಗಲೋ.

"ಅವನ ಕಿವಿ ಚೆನ್ನಾಗೇ ಐತೆ ಬಿಡವ್ವ, ನನ್ನ ಜೋಕಿಗೆಲ್ಲ ನಗ್ತಾನೆ," ಎಂದೆ.

"ನೀ ಸುಮ್ನೆ ಅವನ್ನ ಮಲಗದಂಗೆ ನೋಡ್ಕೋ."

ನೋಡಿಕೊಂಡೆ. ಕೋಣವಾದೆ, ಕೋತಿಯಾದೆ, ಕೆಮ್ಮುವ ಗಣಿತ ಮೇಷ್ಟ್ರಾದೆ. ಅರ್ಧ ಬಸ್ಸು ನನ್ನ ಅಭಿಮಾನಿ ಬಳಗವಾಯಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಅಜ್ಜಿ ಮಾತ್ರ ಅವ್ವನನ್ನು ಕೇಳಿದಳು, "ಈ ಹುಡುಗಿಗೂ ಏನಾರ ತೊಂದ್ರೆ ಐತೇನವ್ವ?"

"ಹುಟ್ಟಿದಾಗಿಂದ ಹಿಂಗೇ ಅಜ್ಜಿ," ಎಂದಳು ಅವ್ವ.

ತುಂಗಭದ್ರೆಯ ಸೇತುವೆ ಹತ್ತಿರ ಚೇತುವಿನ ರೆಪ್ಪೆ ಇಳಿಯತೊಡಗಿತು. ಕೋಣ ಸೋತಿತು, ಮೇಷ್ಟ್ರೂ ಸೋತರು. ಅವ್ವ ಸೆರಗು ಒದ್ದೆ ಮಾಡಿ ಅವನ ಮುಖ ಒರೆಸಿದಳು. ಅವನು ಅತ್ತ. ಅವಳೂ ಅಳುವ ಹಾಗಿದ್ದಳು.

ಶಿಬಿರದಲ್ಲಿ ನಮ್ಮದು ಹತ್ತೊಂಬತ್ತನೇ ನಂಬರು. ಸರದಿ ಬಂದಾಗ ಅರ್ಧ ಗಂಟೆ ತಟ್ಟಿದ ಮೇಲೆ ಮಲಗಿದ. ಹಣೆಗೆ, ಕಿವಿಯ ಹಿಂದೆ ಅಂಟುಪಟ್ಟಿ. ಕಿವಿಯೊಳಗೆ ಪುಟ್ಟ ಕೊಳವೆ. ಪರೀಕ್ಷೆ ಮಾಡುವ ಮೇಡಂ ಕಂಪ್ಯೂಟರ್ ನೋಡುತ್ತ ಸದ್ದು ಏರಿಸಿದರು. ಮತ್ತೆ ಏರಿಸಿದರು. ಕೊನೆಗೆ ಬಾಗಿಲ ಬಳಿ ನಿಂತ ನನಗೂ ಟಕಟಕ ಕೇಳಿಸಿತು. ಚೇತುವಿನ ರೆಪ್ಪೆ ಅಲುಗಲಿಲ್ಲ.

"ಎರಡೂ ಕಿವಿ ಕೇಳೋದು ಬಹಳ ಕಮ್ಮಿ ಐತೆ ತಾಯಿ. ಮಷಿನ್ ಹಾಕಿ ನೋಡಾಣ, ಸ್ವಲ್ಪ ಕೇಳಬಹುದು."

ಅವ್ವ ಮಲಗಿದ್ದ ಚೇತುವಿನ ಕತ್ತು ಸವರಿದಳು. "ಕರೆದ್ರೆ ತಿರುಗ್ತಿರಲಿಲ್ಲ ರೀ. ಕತ್ತು ಬಿಗಿ, ಪಾಪ ತಿರುಗಾಕೆ ಆಗಲ್ಲ ಅಂದ್ಕೊಂಡಿದ್ವಿ."

"ನನ್ನ ಜೋಕಿಗೆ ನಗ್ತಿದ್ನಲ್ಲ ಮೇಡಂ?"

"ನಿನ್ನ ಮುಖ ನೋಡಿ ನಕ್ಕಿರ್ತಾನಮ್ಮ."

ಬಸ್ ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಖಾರದ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಬರುವಾಗ ಸೀಟು ಸಿಕ್ಕಿತು. ಇಷ್ಟು ವರ್ಷ ಚೇತುವಿನ ಮುಖ ಹಿಂದಕ್ಕಿರುವಂತೆ ಹೆಗಲಿಗೆ ಹಾಕಿಕೊಂಡು ಓಡಾಡಿದ್ದ ಅವ್ವ, ಅವನನ್ನು ತೊಡೆಯ ಮೇಲೆ ತನ್ನತ್ತ ತಿರುಗಿಸಿ ಕೂರಿಸಿಕೊಂಡಳು. ಬಾಯಗಲಿಸಿ, ನಿಧಾನವಾಗಿ, ಅವನ ಹೆಸರು ಹೇಳಿದಳು. ಅವನು ಅವಳ ಬಾಯನ್ನೇ ನೋಡಿದ. ಮತ್ತೆ ಹೇಳಿದಳು. ಹೊಳೆ ದಾಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.